ಹಗೂರ ಹಬ್ಬದ ಹನ್ನೆರಡು ಬಿಸ್ಕತ್ತು

ಹಗೂರ ಹಬ್ಬದ ದಿನ ನಮ್ಮ ಊರಲ್ಲಿ ಮೊದಲು ಕೋಳಿಗಳಿಗೆ ಬುಟ್ಟಿ ಮುಚ್ಚುತ್ತೇವೆ, ಬುಟ್ಟಿಯ ಮೇಲೆ ಬೀಸುವ ಕಲ್ಲು ಇಡುತ್ತೇವೆ. ಆಮೇಲೆ ಆಡುಗಳನ್ನು ಕೊಟ್ಟಿಗೆಗೆ ಹೊಡೆದು ಬಾಗಿಲು ಹಾಕುತ್ತೇವೆ. ಒಳಗೆ ಅವು ಸೂರಿಗೆ ಬೆನ್ನು ತಾಗಿಸಿಕೊಂಡು, ಮೇಯಲು ಏನೂ ಸಿಗದೆ, ಜಂತಿಯ ಜೇಡರ ಬಲೆ ನೆಕ್ಕುತ್ತವೆ. ನಮ್ಮ ಊರಿನ ಯಾವ ಕೊಟ್ಟಿಗೆಯ ಜಂತಿಯಲ್ಲೂ ಜೇಡರ ಬಲೆ ಇಲ್ಲ, ಬೇಕಾದರೆ ಬಂದು ನೋಡಿ. ನಾಯಿಗಳಿಗೆ ಮಾತ್ರ ಯಾರೂ ಏನೂ ಮಾಡುವುದಿಲ್ಲ. ಬೀದಿಯ ಮೇಲೆ ಮನೆಯಿಂದ ಮನೆಗೆ ಬಲೆ ಕಟ್ಟಿರುತ್ತಾರೆ, ನಾಯಿಗಳು ಅದಕ್ಕೆ ಬೆನ್ನು ಕೊಟ್ಟು ಗಾಳಿಯಲ್ಲೇ ನಿದ್ದೆ ಮಾಡುತ್ತವೆ. ಎಮ್ಮೆಗಳಿಗೆ ಚಿಂತೆಯಿಲ್ಲ, ಅವು ಇದ್ದಲ್ಲೇ ಇರುತ್ತವೆ.

ಚಾವಡಿಯಲ್ಲಿ ಆ ದಿನ ನಗಾರಿ ಮೂರು ಸಲ ಬಾರಿಸುತ್ತಾರೆ. ಮೊದಲನೆಯದು ಬೆಳಗಿನ ಚಹಾದ ಹೊತ್ತಿಗೆ. ಅದು ಬರೀ ಎಚ್ಚರಿಕೆ. ಎರಡನೆಯದು ಬಿಸಿಲು ಅಂಗಳದ ಅರ್ಧಕ್ಕೆ ಬಂದಾಗ. ಆಗಿನಿಂದ ನೆಲದ ಹಿಡಿತ ಮೆಲ್ಲಗೆ ಸಡಿಲಾಗುತ್ತದೆ. ಮೂರನೆಯದು ಸೂರ್ಯ ನೆತ್ತಿಗೆ ಬಂದಾಗ. ಆಗ ನೆಲ ಕೈ ಬಿಟ್ಟೇ ಬಿಡುತ್ತದೆ, ನೆರಳು ಆಳುದ್ದ ಆಗುವವರೆಗೆ ಮತ್ತೆ ಹಿಡಿಯುವುದಿಲ್ಲ.

ಜನರನ್ನು ಹಿಡಿಯುವುದು ಬಿಸ್ಕತ್ತು. ಅಂಗಡಿಯದಲ್ಲ, ಮನೆಯಲ್ಲಿ ಒತ್ತಿದ್ದು. ಅದಕ್ಕೊಂದು ಹಿತ್ತಾಳೆ ಒರಳು ಇರುತ್ತದೆ. ನೋಡಲು ಚಕ್ಕುಲಿ ಒರಳಿನ ಹಾಗೆಯೇ, ಆದರೆ ತಳದ ಬಿಲ್ಲೆಯಲ್ಲಿ ಹೂವಿನ ಆಕಾರದ ತೂತು. ಹಿಟ್ಟು ತುಂಬಿ, ಒರಳಿನ ಬಾಯನ್ನು ತಟ್ಟೆಗೆ ಊರಿ, ಮೇಲಿನ ಹಿಡಿಕೆಯನ್ನು ಅರ್ಧ ಸುತ್ತು ತಿರುವಿ ಎತ್ತಿದರೆ ತಟ್ಟೆಯ ಮೇಲೆ ಒಂದು ಹೂವು ಕೂತಿರುತ್ತದೆ. ತಿರುವಿದವರ ಮೈಯ ಭಾರ ಸ್ವಲ್ಪ ಆ ಹೂವಿಗೆ ಇಳಿಯುತ್ತದೆ, ತಿಂದವರ ಮೈಗೆ ಸೇರುತ್ತದೆ. ಹಾಗಾಗಿ ದಪ್ಪಗಿದ್ದವರು ಒತ್ತುತ್ತಾರೆ, ತೆಳ್ಳಗಿದ್ದವರು ತಿನ್ನುತ್ತಾರೆ. ಒತ್ತಿದವರು ಹಬ್ಬ ಕಳೆದ ಮೇಲೆ ಎಂಟು ದಿನ ಹೊಟ್ಟೆ ತುಂಬ ಉಂಡರೆ ಎಲ್ಲ ಸರಿಹೋಗುತ್ತದೆ. ಹಗ್ಗ ಕಟ್ಟಿಕೊಂಡರೆ ಆಗದೇ ಎಂದು ಪರ ಊರಿನವರು ಕೇಳುತ್ತಾರೆ. ಒಮ್ಮೆ ಕುಂಬಾರರ ಮುದುಕನನ್ನು ಕಂಬಕ್ಕೆ ಕಟ್ಟಿದ್ದರು. ಸಂಜೆಗೆ ಬಿಚ್ಚಿದಾಗ ಅವನ ಎರಡು ಪಕ್ಕೆಲುಬು ಮುರಿದಿದ್ದವು. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇರಬಹುದಲ್ಲ ಎಂದೂ ಕೇಳುತ್ತಾರೆ. ಇರಬಹುದು, ಆದರೆ ಹಬ್ಬ ಮುಗಿದ ಗಳಿಗೆಗೆ ಸೂರಿನಿಂದ ದೊಪ್ಪನೆ ಕೆಳಗೆ ಬೀಳುತ್ತೀರಿ. ಎಳೆ ಮೂಳೆಗೆ ಅದು ಆಟ, ಹಳೆ ಮೂಳೆಗೆ ಅಲ್ಲ.

ನಮ್ಮ ಮನೆಯಲ್ಲಿ ನಲವತ್ತು ವರ್ಷ ಒತ್ತಿದವಳು ನಮ್ಮತ್ತೆ ನಿಂಬೆವ್ವ. ತೊಲೆಯಂಥ ತೋಳು, ಎಮ್ಮೆಯಂಥ ಹೆಜ್ಜೆ. ಅವಳ ಕೈಗುರಿ ಊರಿಗೇ ಗೊತ್ತು. ಕಟ್ಟೆಯ ಮೇಲೆ ಕೂತಲ್ಲಿಂದಲೇ ಈರುಳ್ಳಿ ಬೀಸಿ, ಗಿಡದ ತುದಿಯಲ್ಲಿದ್ದ ಮಂಗನ ಕೈಯಿಂದ ಪೇರಲ ಹಣ್ಣು ಉದುರಿಸಿದ್ದಳು. ಮಂಗ ಈರುಳ್ಳಿಯನ್ನೇ ಹಿಡಿದು ತಿಂದು, ಅಳುತ್ತ ಹೋಯಿತು. ನಾನು ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಒರಳು ಮುಟ್ಟುವುದಿರಲಿ, ಅತ್ತೆ ಒತ್ತುವಾಗ ನಡು ಅಂಗಳದ ಬಾಗಿಲನ್ನೇ ಹಾಕಿಕೊಳ್ಳುತ್ತಿದ್ದಳು.

"ನೀ ಒಳಗ ಬಂದರ ಮಾತಾಡ್ತಿ," ಅನ್ನುತ್ತಿದ್ದಳು. "ನಾ ಎಣಿಕಿ ತಪ್ಪತೀನಿ."

ಊರಿನ ಎಲ್ಲ ಅಂಗಳಗಳಿಗೂ ಹಬ್ಬಕ್ಕೆ ಬಲೆ ಕಟ್ಟುತ್ತಾರೆ, ನಮ್ಮ ಅಂಗಳಕ್ಕೆ ಇಲ್ಲ. ಬಲೆ ತಂದವರನ್ನು ಅತ್ತೆ ಬಾಗಿಲಿನಿಂದಲೇ ಕಳಿಸುತ್ತಿದ್ದಳು. "ಬಲೆ ಕಟ್ಟಾಕ ನಾವೇನು ಕೋಳಿಯೇನು," ಅನ್ನುತ್ತಿದ್ದಳು.

ಆ ವರ್ಷ ಅತ್ತೆಗೆ ಜ್ವರ ಹಿಡಿಯಿತು. ಮೂರು ತಿಂಗಳು ಬಿಡಲಿಲ್ಲ. ಬಿಟ್ಟಾಗ ಹಾಸಿಗೆಯಲ್ಲಿ ಉಳಿದದ್ದು ಒಂದು ಹಿಡಿ. ತೋಳಿನ ಬಳೆ ಭುಜದವರೆಗೆ ಹೋಗಿ ತಾನಾಗಿ ವಾಪಸು ಬರುತ್ತಿತ್ತು. ಹಬ್ಬಕ್ಕೆ ಎಂಟು ದಿನ ಇರುವಾಗ ಚಾವಡಿಯ ತಕ್ಕಡಿಯಲ್ಲಿ ಊರಿನ ಎಲ್ಲರನ್ನೂ ತೂಗುತ್ತಾರೆ. ತೂಗುವ ಮಡಿವಾಳಪ್ಪ ಅತ್ತೆಯನ್ನು ಕೂರಿಸಿ ನೋಡಿದ, ಇಳಿಸಿ ತಕ್ಕಡಿ ಒರೆಸಿದ, ಮತ್ತೆ ಕೂರಿಸಿದ.

"ಹನ್ನೆರಡು ತಿನ್ನಬೇಕಬೇ ಯವ್ವಾ," ಅಂದ. "ಒಂದೂ ಕಮ್ಮಿ ಆಗೂಹಂಗಿಲ್ಲ."

ಅತ್ತೆ ಮುಖ ಆ ಕಡೆ ತಿರುಗಿಸಿದಳು. ಅವಳು ಜನ್ಮದಲ್ಲಿ ಹಬ್ಬಕ್ಕೆ ಒಂದಕ್ಕಿಂತ ಹೆಚ್ಚು ತಿಂದವಳಲ್ಲ, ಅದೂ ರುಚಿ ನೋಡಲು. ಆಮೇಲೆ ನನ್ನ ಸರದಿ. ನಾನು ಕೂತಾಗ ಆಚೆ ಬದಿಗೆ ಎರಡು ಚೀಲ ಜೋಳ ಇಟ್ಟರು, ಸಾಲದೆ ಜೋಳ ತಂದವನನ್ನೂ ಕೂರಿಸಿದರು. ಮಡಿವಾಳಪ್ಪನ ಮುಖ ಬೆಳಗಿತು.

"ಬಾಳವ್ವಾ, ನೀ ಹದಿನಾಲ್ಕು ಒತ್ತಬಹುದು ನೋಡು. ಅದಕ್ಕಿಂತ ಹೆಚ್ಚು ಒತ್ತಬ್ಯಾಡ. ನೀನs ಹಾರಿದರ ಕೆಳಗ ಇಳಸಾಕ ಊರಾಗ ಅಷ್ಟು ಮಂದಿ ಇಲ್ಲ."

ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಅತ್ತೆ ನಗಲಿಲ್ಲ.

ಹಬ್ಬದ ಬೆಳಿಗ್ಗೆ ನಮ್ಮ ಮನೆಯವರು ಬಲೆ ಕಟ್ಟುವ ಗಂಡಸರ ಜೊತೆ ಬೀದಿಗೆ ಹೋದರು. ಮನೆಯಲ್ಲಿ ನಾನು, ಅತ್ತೆ. ಮೊದಲ ನಗಾರಿ ಆಗುತ್ತಲೇ ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ತಿಕ್ಕಲು ಕೂತೆ. ಒಳಗಿನ ಕೋಣೆಯಿಂದ ಅತ್ತೆಯ ದನಿ ಬರುತ್ತಲೇ ಇತ್ತು.

"ಬೆಣ್ಣಿ ಬೆಳ್ಳಗಾತೇನು?"

"ಆತ್ರಿ ಅತ್ತಿ."

"ನಾ ನೋಡಿಲ್ಲಂತ ಸುಳ್ಳು ಹೇಳಬ್ಯಾಡ. ಕೈ ಸೋಲೂತನಕ ತಿಕ್ಕು."

"ಕೈ ಸೋತಾವ್ರಿ."

"ನಿನ್ನ ಬಾಯಿ ಇನ್ನೂ ಸೋತಿಲ್ಲಲ್ಲ, ತಿಕ್ಕು."

ಮೈದಾ ಸೇರಿಸಿದೆ, ಏಲಕ್ಕಿ ಕುಟ್ಟಿ ಹಾಕಿದೆ. ಮನೆಯಲ್ಲಿದ್ದ ಬೆಣ್ಣೆಯೆಲ್ಲ ಅದಕ್ಕೇ ಆಯಿತು. ಅಷ್ಟೊತ್ತಿಗೆ ಅತ್ತೆ ಔಷಧಿಯ ಮಂಪರಿಗೆ ನಿದ್ದೆ ಹೋಗಿದ್ದಳು. ನಾನು ಹಿಟ್ಟು ತೆಗೆದುಕೊಂಡು ನಡು ಅಂಗಳಕ್ಕೆ ಬಂದೆ. ಅಲ್ಲಿ ತಗಡಿನ ಒಲೆ, ಅದರ ಅಡಿಗೂ ನೆತ್ತಿಗೂ ಕೆಂಡ. ಪಕ್ಕದಲ್ಲಿ ಎರಡು ತಟ್ಟೆ. ನಡುವೆ ಅತ್ತೆಯ ಒರಳು, ಬಂಗಾರದ ಹಾಗೆ ತಿಕ್ಕಿದ್ದು. ಇಪ್ಪತ್ತೆರಡು ವರ್ಷ ಮುಚ್ಚಿದ್ದ ಬಾಗಿಲಿನ ಈ ಕಡೆ ಇಷ್ಟೇ ಇತ್ತು. ಅತ್ತೆಗೆ ನಾನು ಹುಲ್ಲು ಕಡ್ಡಿಯಷ್ಟೂ ಕೊರತೆ ಮಾಡಬಾರದು ಅನ್ನಿಸಿತು. ಮೈಸೂರು ಪಾಕಿಗೆ, ಬರ್ಫಿಗೆ ತಟ್ಟೆಗೆ ತುಪ್ಪ ಸವರುತ್ತೇವಲ್ಲ, ಹಾಗೆ ಎರಡೂ ತಟ್ಟೆಗೆ ಬೆರಳು ಜಾರುವಷ್ಟು ತುಪ್ಪ ಸವರಿದೆ.

ಒರಳು ತುಂಬಿ ಮೊದಲನೆಯದನ್ನು ಒತ್ತಿದೆ. ಮೊಣಕಾಲಿನಿಂದ ಏನೋ ಇಳಿದು ಕೈಗೆ ಬಂದು ಹಿಡಿಕೆಗೆ ಹೋದ ಹಾಗಾಯಿತು. ಎತ್ತಿದೆ. ಹೂವು ತಟ್ಟೆಯಲ್ಲಿ ಕೂರಲಿಲ್ಲ, ಒರಳಿನ ಬಾಯಿಗೇ ಅಂಟಿಕೊಂಡು ಮೇಲೆ ಬಂತು. ಬೆರಳಿನಿಂದ ಕಿತ್ತಿಟ್ಟೆ, ಮುದ್ದೆಯಾಯಿತು. ಎರಡನೆಯದೂ ಹಾಗೆಯೇ. ನನ್ನ ಕೈಯ ಒತ್ತು ಸಾಲದೇನೋ ಎಂದು ಮೂರನೆಯದಕ್ಕೆ ಜೋರಾಗಿ ತಿರುವಿದೆ. ಅದು ಬಾಲ ಬೆಳೆಸಿಕೊಂಡು ಬಂತು. ಹೀಗೆ ನಾಲ್ಕು, ಆರು, ಹತ್ತು. ಹದಿನಾಲ್ಕು ಒತ್ತಿ ನೋಡಿದರೆ ತಟ್ಟೆಯ ತುಂಬ ಹದಿನಾಲ್ಕು ಸಗಣಿ ಉಂಡೆಯಂಥವು. ಅಂಥ ಬಿಸ್ಕತ್ತು ಬೆಂದರೂ ಉಪಯೋಗವಿಲ್ಲ. ಒರಳಿನ ಹೂವು ಹೂವಾಗಿಯೇ ಉಳಿದರೆ ಮಾತ್ರ ಭಾರ ತಿಂದವರ ಮೈಗೆ ಸೇರುತ್ತದೆ ಎಂದು ನಮ್ಮ ಊರಿನ ಎಳೆ ಮಕ್ಕಳಿಗೂ ಗೊತ್ತು.

ಆಗ ಎರಡನೆಯ ನಗಾರಿ ಮೊಳಗಿತು.

ಒಳಗೆ ಇಣುಕಿ ನೋಡಿದೆ. ಅತ್ತೆ ನಿದ್ದೆಯಲ್ಲೇ ಇದ್ದಳು. ಅವಳ ಹಿಮ್ಮಡಿ ಹಾಸಿಗೆಯಿಂದ ಎರಡು ಬೆರಳು ಮೇಲೆ ಇದ್ದವು. ಹೊದಿಕೆ ಒಂದು ಕಡೆಯಿಂದ ಮೆಲ್ಲಗೆ ಉಬ್ಬುತ್ತಿತ್ತು.

ಒಮ್ಮೆ ಒತ್ತಿದ ಹಿಟ್ಟನ್ನು ಮತ್ತೆ ಒತ್ತಬಾರದು ಎನ್ನುವುದು ನಮ್ಮ ಊರಿನ ಕಟ್ಟಳೆ. ಕೆಟ್ಟರೆ ಎಮ್ಮೆಗೆ ಹಾಕಬೇಕು, ಹೊಸ ಹಿಟ್ಟು ಕಲಸಬೇಕು. ಯಾಕೆ ಎಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಬೆಣ್ಣೆ ತೀರಿತ್ತು. ಅಕ್ಕಪಕ್ಕದಲ್ಲಿ ಕೇಳೋಣ ಎಂದರೆ ಆ ಹೊತ್ತಿಗೆ ಯಾರ ಮನೆಯಲ್ಲೂ ಬೆಣ್ಣೆ ಉಳಿದಿರುವುದಿಲ್ಲ, ಬಾಗಿಲು ತೆರೆಯುವುದೂ ಇಲ್ಲ. ಒಂದು ಗಳಿಗೆ ನಿಂತೆ. ಆಮೇಲೆ ಉಂಡೆಗಳನ್ನೆಲ್ಲ ಕೆರೆದು ಒಂದು ಮಾಡಿದೆ, ತಟ್ಟೆಗಳನ್ನು ಬೂದಿ ಹಾಕಿ ತಿಕ್ಕಿ, ತಣ್ಣೀರಲ್ಲಿ ತೊಳೆದು, ಸೆರಗಿನಿಂದ ಒರೆಸಿದೆ. ತುಪ್ಪ ಹೋಗಲಿ ಎಂದು ತೊಳೆದದ್ದಲ್ಲ, ಮುದ್ದೆಯ ಗುರುತು ಕಾಣಬಾರದೆಂದು. ಒಣ ತಟ್ಟೆಯ ಮೇಲೆ ಒರಳು ಊರಿ ತಿರುವಿ ಎತ್ತಿದೆ. ಹೂವು ತಟ್ಟೆಯಲ್ಲೇ ಕೂತಿತ್ತು, ಎಂಟು ಎಸಳು, ನಡುವೆ ಚುಕ್ಕೆ. ನನಗೆ ಅಳು ಬಂತು, ನಗುವೂ ಬಂತು. ತುಪ್ಪ ಸವರಿದ ತಟ್ಟೆ ಹೂವನ್ನು ಹಿಡಿಯುವುದಿಲ್ಲ, ಇಷ್ಟು ಸಣ್ಣ ವಿಷಯವನ್ನು ಇಪ್ಪತ್ತೆರಡು ವರ್ಷ ಬಾಗಿಲ ಹಿಂದೆ ಇಟ್ಟುಕೊಂಡಿದ್ದಳು.

ಹನ್ನೆರಡು ಹೂವು ಬಂದವು, ಹಿಟ್ಟು ಮುಗಿಯಿತು. ಅಲ್ಲಿಗೆ ನಾನು ಒಟ್ಟು ಎಷ್ಟು ಒತ್ತಿದಂತಾಯಿತು ಎಂದು ಲೆಕ್ಕ ಹಾಕಲಿಲ್ಲ. ನನಗೆ ಇಪ್ಪತ್ತರವರೆಗೆ ಎಣಿಕೆ ಚೆನ್ನಾಗಿ ಬರುತ್ತದೆ, ಅದರ ಮೇಲೆ ದೇವರೇ ಗತಿ. ಒಂದು ಮಾತ್ರ ಗಮನಕ್ಕೆ ಬಂತು. ನಾನು ಕೂತರೆ ಯಾವಾಗಲೂ ಕಿರುಗುಟ್ಟುವ ಮಣೆ ಆ ದಿನ ಸುಮ್ಮನಿತ್ತು. ಒಲೆಯ ಹತ್ತಿರ ಹೋಗಿ ಬರುವಾಗ ನನ್ನ ಹೆಜ್ಜೆಯ ಸದ್ದು ನನಗೇ ಕೇಳಲಿಲ್ಲ. ಕೆಲಸ ಮಾಡಿದರೆ ಮೈ ಹಗುರಾಗುತ್ತದೆ ಅನ್ನುವುದು ನಿಜ ನೋಡು ಎಂದುಕೊಂಡು ಕೆಂಡ ಕೆದರಿದೆ.

"ಬಾಳಿ." ಒಳಗಿನಿಂದ ಅತ್ತೆ ಕರೆದಳು. ದನಿ ಮಂಚದ ಮೇಲಿಂದ ಬರಲಿಲ್ಲ, ಸ್ವಲ್ಪ ಎತ್ತರದಿಂದ ಬಂತು. ಓಡಿ ಹೋದೆ. ಅತ್ತೆ ಮಂಚದ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಕಾಲು ಮೇಲೆ ತೇಲುತ್ತಿತ್ತು. ಅವಳನ್ನು ಕಂಕುಳಿಗೆ ಹಾಕಿಕೊಂಡು, ಬಾಗಿಲ ಚೌಕಟ್ಟು ಹಿಡಿಯುತ್ತ ಗೋಡೆ ಹಿಡಿಯುತ್ತ ಅಂಗಳಕ್ಕೆ ತಂದೆ. ಕಬ್ಬಿಣದ ಕಾಲಿನ ಸ್ಟೂಲಿನ ಮೇಲೆ ಕೂರಿಸಿದೆ. ಅವಳು ಸ್ಟೂಲಿನ ಅಂಚನ್ನು ಗಟ್ಟಿ ಹಿಡಿದಳು. ಬಿಸ್ಕತ್ತು ಬೆಂದಿದ್ದವು. ತಟ್ಟೆಯಿಂದ ಒಂದನ್ನು ಊದಿ ಕೈಗೆ ಕೊಟ್ಟೆ.

ಅತ್ತೆ ಅದನ್ನು ತಿರುಗಿಸಿ ನೋಡಿದಳು. ಎಸಳು ಎಣಿಸಿದಳು. "ಚಲೋ ಕುಂತೈತಿ," ಅಂದಳು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅವಳು ಕಚ್ಚಿದಳು. ಕಟ್ ಎಂದು ಸದ್ದಾಯಿತು.

"ಇದೇನು ಇಷ್ಟು ಗಟ್ಟಿ?"

"ಕೆಂಡ ಹೆಚ್ಚಾತ್ರಿ."

"ಕೆಂಡ ಹೆಚ್ಚಾದರ ಕರ್ರಗಾಗತೈತಿ. ಇದು ಬೆಳ್ಳಗ ಐತಿ." ನನ್ನ ಕಣ್ಣು ನೋಡಿದಳು. "ಏನ ಮಾಡೀದಿ?"

"ಏನೂ ಇಲ್ರಿ. ತಿನ್ರಿ ಬೇಗ, ಹೊತ್ತಾತು."

ಅತ್ತೆಗೆ ಬಲಗಡೆ ಮಾತ್ರ ಹಲ್ಲು. ಒಂದೊಂದನ್ನೂ ಆ ಕಡೆಗೆ ತಳ್ಳಿ ಅಗಿಯಬೇಕು. ನಡುವೆ ನೀರು ಕುಡಿಯುವ ಹಾಗಿಲ್ಲ, ಕುಡಿದರೆ ಭಾರ ಕರಗುತ್ತದೆ. ಬಿಸಿಲು ಅಂಗಳದ ಮುಕ್ಕಾಲಿಗೆ ಬಂತು. ಎರಡು ತಿಂದಾಗ ಅವಳ ಕಾಲು ನೆಲಕ್ಕೆ ತಾಗಿತು. ನಾಲ್ಕಕ್ಕೆ ಸ್ಟೂಲಿನ ಅಂಚನ್ನು ಬಿಟ್ಟಳು. ದೂರದಲ್ಲಿ ಚಾವಡಿಯ ನಗಾರಿಯನ್ನು ಕೆಂಡದ ಮುಂದೆ ಹಿಡಿದು ಹದ ಮಾಡುವ ಟಪ್ ಟಪ್ ಸದ್ದು ಕೇಳತೊಡಗಿತು. ಐದು. ಆರು. ಅತ್ತೆಯ ದವಡೆ ಸೋಲುತ್ತಿತ್ತು, ನನ್ನ ದವಡೆ ಅವಳ ಜೊತೆ ಬರಿದೇ ಆಡುತ್ತಿತ್ತು. ಏಳು. ಬಿಸಿಲು ಗೋಡೆ ಮುಟ್ಟಿದರೆ ಮೂರನೆಯ ನಗಾರಿಯ ಹೊತ್ತು, ಅದಕ್ಕೆ ಇನ್ನೊಂದು ಮಾರು ಉಳಿದಿತ್ತು.

"ಕಾಲು ಎಳ್ಯಾಕತ್ತಾವ," ಅಂದಳು. "ಏಳಾಕಾಗೂದಿಲ್ಲ. ಈ ಜ್ವರ ಇನ್ನೂ ಮೈಯಾಗ ಐತಿ."

"ಮಾತಾಡಬ್ಯಾಡ್ರಿ, ತಿನ್ರಿ."

ಎಂಟನೆಯದನ್ನು ನುಂಗಿದಳು. ತಟ್ಟೆಯಲ್ಲಿ ನಾಲ್ಕು. ಒಂಬತ್ತನೆಯದನ್ನು ಕೈಗೆ ಕೊಡಲು ಬಾಗಿದೆ, ಬಾಗಲು ಆಗಲಿಲ್ಲ. ಅತ್ತೆ ಚಾಚಿದ ಕೈಯನ್ನು ಹಾಗೇ ಇಟ್ಟು ನನ್ನನ್ನು ನೋಡಿದಳು. ಮುಖ ನೋಡಿದಳು, ಕಾಲು ನೋಡಿದಳು, ಮತ್ತೆ ಮುಖ ನೋಡಿದಳು.

"ಬಾಳಿ," ಅಂದಳು ಮೆಲ್ಲಗೆ. "ನೀ ಯಾಕ ಎತ್ತರ ಆಗಾಕತ್ತಿ?"

ಕೆಳಗೆ ನೋಡಿದೆ. ನನ್ನ ಪಾದಕ್ಕೂ ನೆಲಕ್ಕೂ ನಡುವೆ ಕೋಳಿ ಓಡಾಡುವಷ್ಟು ಜಾಗ ಇತ್ತು. ತಟ್ಟೆಯನ್ನು ಅತ್ತೆಯ ಮಡಿಲಿಗೆ ಹಾಕಿ ಕಂಬಕ್ಕೆ ಕೈ ಚಾಚಿದೆ, ಸಿಗಲಿಲ್ಲ. ಜಂತಿ ಹಾದುಹೋಯಿತು. ಕೊನೆಗೆ ಅಂಗಳದ ಮೇಲೆ ಬಟ್ಟೆ ಒಣಹಾಕುವ ತಂತಿ ಕೈಗೆ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಾಲು ಮೇಲಾಗಿ, ತಲೆ ಕೆಳಗಾಗಿ, ಸೀರೆಯನ್ನು ಮೊಣಕಾಲಿನ ನಡುವೆ ಅದುಮಿಕೊಂಡು ನಿಂತೆ, ಅಥವಾ ನೇತಾಡಿದೆ, ಅದಕ್ಕೆ ಸರಿಯಾದ ಮಾತು ನನಗೆ ಗೊತ್ತಿಲ್ಲ. ನನ್ನ ಮೇಲೆ ಬಲೆಯಿಲ್ಲದ ಅಂಗಳದ ಬಾಯಿ, ಅದರ ಮೇಲೆ ಬರೀ ಆಕಾಶ. ಮೂರು ವರ್ಷದ ಹಿಂದೆ ಹಾಗೆ ಹೋದ ಸುಣಗಾರರ ಶಿದ್ದ ಇನ್ನೂ ಬಂದಿಲ್ಲ. ಅವನ ಒಂದು ಚಪ್ಪಲಿ ಮಾತ್ರ ಆರು ತಿಂಗಳ ಮೇಲೆ ಕೆರೆಯಲ್ಲಿ ಬಿತ್ತು.

ತಂತಿ ಕಟ್ಟಿದ ಗೋಡೆಯ ಮೊಳೆ ಕಿರ್ ಎಂದಿತು. ಸ್ವಲ್ಪ ಮಣ್ಣು ಉದುರಿತು.

ಅತ್ತೆ ಏಳಲು ನೋಡಿದಳು. ಆಗಲಿಲ್ಲ. ಕೈಯೂರಿ ಮತ್ತೆ ನೋಡಿದಳು. ಬೈದುಕೊಂಡಳು, ತನ್ನ ಕಾಲಿಗೆ, ಜ್ವರಕ್ಕೆ, ಔಷಧಿ ಕೊಟ್ಟ ಡಾಕ್ಟರನ ತಾಯಿಗೆ. ಆಮೇಲೆ ಮಡಿಲಿನ ತಟ್ಟೆ ನೋಡಿದಳು. ಒಂದು ಬಿಸ್ಕತ್ತು ಎತ್ತಿಕೊಂಡಳು.

"ಬಾಯಿ ತೆಗಿ."

"ಏನ್ರಿ?"

"ಬಾಯಿ ತೆಗಿ ಅಂದೆ. ಒಗಿತೀನಿ."

"ಬ್ಯಾಡ್ರಿ ಅತ್ತಿ. ನೀವು ಎಂಟs ತಿಂದೀರಿ. ಹನ್ನೆರಡು ಬೇಕು. ನಗಾರಿ ಬಾರಿಸಿದರ ನೀವು ಹೋಗ್ತೀರಿ."

"ನಗಾರಿ ಬಾರಸೂತನಕ ನೀ ಎಲ್ಲಿರತಿ? ಬಾಯಿ ತೆಗಿಯs."

ನಾನು ಬಾಯಿ ಬಿಗಿಯಾಗಿ ಮುಚ್ಚಿ ಮುಖ ತಿರುಗಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯ ಮಾತಿಗೆ ನಾನು ಬಾಯಿ ಮುಚ್ಚಿದ್ದು ಅದೊಂದೇ ಸಲ. ಅವಳು ಬೀಸಿಯೇ ಬಿಟ್ಟಳು. ಬಿಸ್ಕತ್ತು ನೇರ ನನ್ನ ತುಟಿಗೇ ಬಂದು ಬಡಿಯಿತು. ಮುಂದಿನ ಒಂದು ಹಲ್ಲಿನ ಚೂರು ಹಾರಿತು. ಅದೇ ಈಗ ನಗುವಾಗ ಕಾಣುತ್ತದಲ್ಲ, ಇದು. ತುಟಿಗೆ ಬಡಿದ ಬಿಸ್ಕತ್ತು ಕೆಳಗೆ ನೀರಿನ ತಾಮ್ರದ ಹಂಡೆಯ ಮೇಲೆ ಬಿತ್ತು. ಗಂಟೆ ಬಾರಿಸಿದ ಹಾಗೆ ಸದ್ದಾಯಿತು. ಹಂಡೆಯ ಹೊಟ್ಟೆ ಒಂದು ಬೊಗಸೆಯಷ್ಟು ಒಳಗೆ ಹೋಯಿತು.

ಬಿಸ್ಕತ್ತಿಗೆ ಹಂಡೆ ನೆಗ್ಗುವುದನ್ನು ನಾನು ಎಲ್ಲೂ ಕಂಡಿಲ್ಲ. ತಲೆಕೆಳಗಾಗಿ ಇದ್ದುದರಿಂದಲೋ ಏನೋ, ತಲೆ ಚೆನ್ನಾಗಿ ಓಡಿತು. ಅತ್ತೆಯ ಸ್ಟೂಲು ನೋಡಿದೆ. ಅದರ ನಾಲ್ಕೂ ಕಬ್ಬಿಣದ ಕಾಲು ನೆಲದ ಗಚ್ಚಿನೊಳಗೆ ಒಂದು ಗೇಣು ಇಳಿದಿದ್ದವು. ಅವಳನ್ನು ಕೂರಿಸಿದ್ದು ಜ್ವರವಲ್ಲ. ಆ ಬಿಸ್ಕತ್ತುಗಳಲ್ಲಿ ಎರಡು ಸಲದ ಭಾರ ಇತ್ತು, ಹದಿನಾಲ್ಕು ಸಲದ್ದೂ, ಹನ್ನೆರಡು ಸಲದ್ದೂ, ಎಲ್ಲ ನನ್ನದೇ. ಎಮ್ಮೆಗೆ ಹಾಕಬೇಕು ಎನ್ನುವ ಕಟ್ಟಳೆ ಯಾಕೆ ಎಂದು ಆಗ ಗೊತ್ತಾಯಿತು.

ಮೊಳೆ ಇನ್ನೊಂದು ಸಲ ಕಿರ್ ಎಂದಿತು.

"ಅತ್ತಿ, ಒಂದು ಮಾತು ಹೇಳಬೇಕ್ರಿ."

"ಈಗೇನು ಮಾತು, ತಲಿ ಕೆಳಗ ಮಾಡ್ಕೊಂಡು?"

"ನಾ ತಟ್ಟೆಗೆ ತುಪ್ಪ ಸವರಿದ್ನಿರಿ. ಒಂದೂ ನಿಲ್ಲಲಿಲ್ಲ. ಹದಿನಾಲ್ಕೂ ಕೆಟ್ಟುವು. ಕೆರದು ಮತ್ತ ಅದs ಹಿಟ್ಟು ಒತ್ತೀನ್ರಿ. ನಿಮ್ಮ ಮೈಯಾಗ ಈಗ ಎಂಟಲ್ಲ, ಹದಿನಾರು ಅದಾವು. ಸ್ಟೂಲಿನ ಕಾಲು ನೋಡ್ರಿ."

ಅತ್ತೆ ಬಗ್ಗಿ ಸ್ಟೂಲಿನ ಕಾಲು ನೋಡಿದಳು. ಹಂಡೆ ನೋಡಿದಳು. ಅವಳ ಮುಖದ ಮೇಲೆ ಏನೇನೋ ಬಂದು ಹೋಯಿತು.

"ತುಪ್ಪ," ಅಂದಳು.

"ಹೂಂನ್ರಿ."

"ಒತ್ತೂ ಬಿಸ್ಕೀಟಿಗೆ."

"ಹೂಂನ್ರಿ."

"ನಿಮ್ಮವ್ವ ನಿನಗ ಊಟ ಮಾಡೂದೊಂದs ಕಲಿಸಿ ಕಳಿಸ್ಯಾಳ. ತೆಗಿ ಬಾಯಿ."

ನಾನು ಬಾಯಿ ತೆಗೆದೆ, ಮೊಳೆ ಗೋಡೆ ಬಿಟ್ಟಿತು. ತಂತಿ ಕೈಯಲ್ಲೇ ಇತ್ತು, ಆದರೆ ಅದರ ಆ ತುದಿಯಲ್ಲಿ ಏನೂ ಇರಲಿಲ್ಲ. ಹೆಂಚಿನ ಅಂಚು ನನ್ನ ಪಕ್ಕ ಇಳಿದುಹೋಯಿತು. ಪಕ್ಕದ ಮನೆಯ ಕಲ್ಲವ್ವ ತನ್ನ ಬಲೆಯ ಅಡಿಯಿಂದ ಮೇಲೆ ನೋಡಿ, ಕೈಯಲ್ಲಿದ್ದ ಚಹಾದ ಲೋಟ ಬಿಟ್ಟಳು. ಬಿಸಿಲು ಗೋಡೆ ಮುಟ್ಟಿತ್ತು. ಕೆಳಗಿನಿಂದ ಬಿಸ್ಕತ್ತು ಬಂತು. ಬರುವುದೂ ಕಾಣಲಿಲ್ಲ, ಬಾಯಿ ತುಂಬಿದ್ದಷ್ಟೇ ಗೊತ್ತಾಯಿತು. ಅಗಿಯದೆ ಮುರಿದು ನುಂಗಿದೆ. ಗಂಟಲಿನಿಂದ ಹೊಟ್ಟೆಗೆ ಗುಂಡುಕಲ್ಲು ಇಳಿದ ಹಾಗಾಯಿತು. ಏರುವುದು ನಿಂತಿತು, ನಾನು ಗಾಳಿಯಲ್ಲಿ ಒಂದು ಸುತ್ತು ಹೊಡೆದು ನೆಟ್ಟಗಾದೆ.

"ಇನ್ನೊಂದು," ಅಂದಳು ಅತ್ತೆ. ಅದೂ ಬಾಯಿಗೇ ಬಿತ್ತು. ಹೆಂಚಿನ ಅಂಚು ಮತ್ತೆ ಪಕ್ಕಕ್ಕೆ ಬಂತು, ಜಂತಿ ಬಂತು, ನನ್ನ ಸೆರಗು ಕೆಳಗೆ ಬಾವಿ ಹಗ್ಗದ ಹಾಗೆ ಇಳಿಯಿತು. ಅತ್ತೆ ಕೂತಲ್ಲಿಂದಲೇ ಕೈ ಚಾಚಿ ಸೆರಗಿನ ತುದಿ ಹಿಡಿದು, ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಳು.

ಅಷ್ಟರಲ್ಲಿ ಮೂರನೆಯ ನಗಾರಿ ಮೊಳಗಿತು. ನೆಲ ಕೈ ಬಿಟ್ಟಿತು. ಸೆರಗು ಬಿಗಿದು ತಂತಿಯಂತಾಯಿತು, ಅತ್ತೆಯ ತೋಳು ನೆಟ್ಟಗಾಯಿತು. ಕೊಟ್ಟಿಗೆಯಲ್ಲಿ ಆಡುಗಳು ಸೂರಿಗೆ ಬಡಿದ ಸದ್ದು ಕೇಳಿತು. ಅತ್ತೆ ಅಲ್ಲಾಡಲಿಲ್ಲ. ಉಳಿದಿದ್ದ ಒಂದು ಬಿಸ್ಕತ್ತನ್ನು ಇನ್ನೊಂದು ಕೈಯಲ್ಲಿ ತೆಗೆದು ತನ್ನ ಬಾಯಿಗೇ ಹಾಕಿಕೊಂಡಳು.

"ನಿನ್ನ ಹಿಡಿಯಾಕ ನನಗೂ ಭಾರ ಬೇಕಲ್ಲ," ಅಂದಳು, ಬಲಗಡೆ ಅಗಿಯುತ್ತ.

ನೆರಳು ಆಳುದ್ದ ಆಗುವವರೆಗೆ ನಾನು ಅವಳ ತಲೆಯ ಮೇಲೆ ತೇಲಿದೆ, ಅವಳು ಸೆರಗು ಬಿಡಲಿಲ್ಲ. ಬಾಯಿಯನ್ನೂ ನಿಲ್ಲಿಸಲಿಲ್ಲ. ತುಪ್ಪದಿಂದ ಶುರು ಮಾಡಿ, ನನ್ನ ಮದುವೆಯ ವರ್ಷ ನಾನು ಸೀಯಿಸಿದ ಹೋಳಿಗೆಗೆ ಹೋಗಿ, ಅಲ್ಲಿಂದ ನಮ್ಮ ತವರಿನ ಮೂರು ತಲೆಮಾರಿಗೆ ಹೋಗಿ, ಮತ್ತೆ ತುಪ್ಪಕ್ಕೆ ಬಂದಳು. ಅವಳ ಮುಷ್ಟಿ ಬೆಳ್ಳಗಾಗಿತ್ತು. ಕೈ ಬದಲಿಸಿರಿ ಎಂದರೆ, ನೀ ಸುಮ್ಮನ ಮ್ಯಾಲ ಕುಂದರು ಅಂದಳು.

ನಡುವೆ ನಮ್ಮ ಮನೆಯವರು ಬೀದಿಯ ಬಲೆ ಹಿಡಿದು ಹಿಡಿದು ಮನೆಗೆ ಬಂದರು. ಅಂಗಳದ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಮ್ಮೆ ಕೆಳಗೆ ನೋಡಿದರು, ಒಮ್ಮೆ ಮೇಲೆ ನೋಡಿದರು.

"ಏನಬೇ ಇದು?"

"ಕಾಣಂಗಿಲ್ಲೇನು," ಅಂದಳು ಅತ್ತೆ. "ನಿನ್ನ ಹೇಣ್ತೀನ್ನ ಒಣ ಹಾಕೀನಿ."

ಸಂಜೆ ನಾನು ನೆಲ ಮುಟ್ಟಿದಾಗ ಅತ್ತೆಯ ಬೆರಳು ಬಿಡಿಸಲು ಎಣ್ಣೆ ಹಚ್ಚಬೇಕಾಯಿತು. ಸ್ಟೂಲು ಕೀಳಲು ಆರು ಗಂಡಸರು ಬಂದರು, ಕಾಲು ನಾಲ್ಕೂ ಅಲ್ಲೇ ಉಳಿದವು, ಮೇಲಿನ ಹಲಗೆ ಮಾತ್ರ ಬಂತು. ನೆಲದಲ್ಲಿ ಆ ಕಬ್ಬಿಣ ಈಗಲೂ ಇದೆ, ಕತ್ತಲಲ್ಲಿ ಹೆಬ್ಬೆರಳಿಗೆ ತಾಗುತ್ತದೆ. ನಾನು ಎಂಟು ದಿನದ ಬದಲು ಇಪ್ಪತ್ತು ದಿನ ಉಂಡೆ. ಅತ್ತೆ ತಾನೇ ಬಡಿಸಿದಳು.

ಮುಂದಿನ ವರ್ಷದ ಹಬ್ಬಕ್ಕೆ ನಮ್ಮ ಅಂಗಳಕ್ಕೆ ಬಲೆ ಕಟ್ಟಿದರು. ಅತ್ತೆ ಏನೂ ಅನ್ನಲಿಲ್ಲ, ಬಲೆಯ ಗಂಟು ಸರಿಯಿಲ್ಲ ಎಂದಷ್ಟೇ ಅಂದಳು. ಬಾಗಿಲೂ ತೆರೆದಿತ್ತು. ಅವಳ ಮೈ ತುಂಬಿಕೊಂಡಿತ್ತು, ತೋಳು ಮತ್ತೆ ತೊಲೆಯಾಗಿತ್ತು, ಆದರೂ ಒರಳನ್ನು ನನ್ನ ಮುಂದೆ ಇಟ್ಟು, ತಾನು ಒಣ ಬಟ್ಟೆ ಹಿಡಿದು ತಟ್ಟೆ ಒರೆಸುತ್ತ ಕೂತಳು. ಒಂದು ವರ್ಷದಿಂದ ನನ್ನ ಹೊಟ್ಟೆಯಲ್ಲಿದ್ದ ಮಾತನ್ನು ಅವತ್ತು ಕೇಳಿದೆ.

"ಅತ್ತಿ, ಹೋದ ವರ್ಷ ಮೊದಲನೇ ಬಿಸ್ಕೀಟ ಒಗದ್ರೆಲ್ಲ. ಆಗಿನ್ನೂ ನಾ ಎರಡು ಸಲ ಒತ್ತಿದ್ದು ನಿಮಗ ಹೇಳಿರಲಿಲ್ಲ. ಅದು ಕಮ್ಮಿ ಆದರ ನೀವs ಹೋಗ್ತಿದ್ರಿ. ಮತ್ತ ಯಾಕ ಒಗದ್ರಿ?"

ಅತ್ತೆ ತಟ್ಟೆಯನ್ನು ಬಿಸಿಲಿಗೆ ಹಿಡಿದು ತುಪ್ಪದ ಕಲೆ ಏನಾದರೂ ಇದೆಯೇ ಎಂದು ನೋಡಿದಳು.

"ಒಗದಿಲ್ಲ. ಕೈ ಜಾರಿತು," ಅಂದಳು.

ಗೋಡೆಯ ಮೇಲೆ ಕಲ್ಲವ್ವನ ಕೋಳಿ ಹತ್ತಿ, ಹಿಟ್ಟಿನ ಪಾತ್ರೆಯ ಕಡೆ ಕತ್ತು ಚಾಚಿತ್ತು. ಅತ್ತೆ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲಿದ್ದ ಒಂದು ಏಲಕ್ಕಿ ಸಿಪ್ಪೆಯನ್ನು ಎರಡು ಬೆರಳಲ್ಲಿ ತೆಗೆದು ಹಿಂದಕ್ಕೆ ಚಿಮ್ಮಿದಳು. ಕೋಳಿ ಕೊಕ್ಕಿನ ಮೇಲೆ ಏಟು ತಿಂದು ಆಚೆ ಮನೆಗೆ ಬಿತ್ತು.